ಶಿಲುಬೆಯ ಹಾದಿ, ಹಬ್ಬದ ಬುಟ್ಟಿ

ಒಂದು ಸಂಪ್ರದಾಯದ ಬೆಲೆಯನ್ನು ಅದರ ಪ್ರಾಚೀನತೆಯಿಂದಲೋ ಸೊಬಗಿನಿಂದಲೋ ಅಳೆಯುವುದು ವಾಡಿಕೆ. ಇವೆರಡಕ್ಕಿಂತ ಕಠಿಣವಾದ ಒರೆಗಲ್ಲು ಇನ್ನೊಂದಿದೆ: ಅದರಲ್ಲಿ ಪರದೇಶಿಗೆ ಸ್ಥಳವಿದೆಯೇ? ಕ್ರೊವೇಷಿಯಾ ದೇಶದ ಪಾಸ್ಕ ಆಚರಣೆಗಳನ್ನು ಈ ಒರೆಗಲ್ಲಿಗೆ ಹಚ್ಚಿ ನೋಡುವುದು ಉಪಯುಕ್ತ. 2021ರ ಜನಗಣತಿಯಂತೆ ಅಲ್ಲಿ ನೂರಕ್ಕೆ ಸುಮಾರು 79 ಮಂದಿ ಕಥೋಲಿಕರು. ವಿದೇಶಿ ಕಾರ್ಮಿಕರಿಗಿದ್ದ ವಾರ್ಷಿಕ ಮಿತಿಯನ್ನು ಅದೇ ವರ್ಷ ತೆಗೆದುಹಾಕಿದ ಬಳಿಕ ನೇಪಾಳ, ಫಿಲಿಪ್ಪೀನ್ಸ್, ಭಾರತ ಮೊದಲಾದ ದೇಶಗಳಿಂದ ಅಲ್ಲಿಗೆ ದುಡಿಯಲು ಹೋದವರು ಅನೇಕರು. ಮನೆಯವರಿಂದ ದೂರವಿದ್ದು ಪವಿತ್ರ ವಾರವನ್ನು ಕಳೆಯುವ ಅಂಥವನಿಗೆ ಈ ಆಚರಣೆಗಳು ಏನನ್ನು ನೀಡುತ್ತವೆ?

ಹ್ವಾರ್ ದ್ವೀಪದ ಶಿಲುಬೆಯ ಮೆರವಣಿಗೆಯನ್ನು ಮೊದಲು ನೋಡೋಣ. ಐದು ಶತಮಾನಗಳಿಂದ ನಡೆದುಬಂದ ಈ ಭಕ್ತಿಕಾರ್ಯವನ್ನು ಯುನೆಸ್ಕೋ 2009ರಲ್ಲಿ ತನ್ನ ಪಟ್ಟಿಗೆ ಸೇರಿಸಿತು. ಪವಿತ್ರ ಗುರುವಾರದ ರಾತ್ರಿ ಯೆಲ್ಸಾ, ಪಿತ್ವೆ, ವ್ರಿಸ್ನಿಕ್, ಸ್ವಿರ್ಚೆ, ವರ್ಬಾನ್, ವರ್ಬೋಸ್ಕಾ ಎಂಬ ಆರು ಊರುಗಳಿಂದ ಆರು ಮೆರವಣಿಗೆಗಳು ಏಕಕಾಲಕ್ಕೆ ಹೊರಡುತ್ತವೆ. 18 ಕಿಲೋವರೆಗೆ ತೂಗುವ ಶಿಲುಬೆಯನ್ನು ಹೊತ್ತವನು ಬರಿಗಾಲಿನಲ್ಲೋ ಕಾಲುಚೀಲದಲ್ಲೋ ಸುಮಾರು 25 ಕಿಲೋಮೀಟರು ನಡೆಯುತ್ತಾನೆ. ಎಂಟು ಗಂಟೆಗಳ ಆ ದಾರಿಯಲ್ಲಿ ಆಯ್ದ ಗಾಯಕರು ಮಾತೆ ಮರಿಯಮ್ಮನವರ ಪ್ರಲಾಪವನ್ನು ಹಾಡುತ್ತಾರೆ. ಆರೂ ಮೆರವಣಿಗೆಗಳು ಒಂದೇ ದಿಕ್ಕಿನಲ್ಲಿ ಸುತ್ತುವುದರಿಂದ ಒಂದಕ್ಕೊಂದು ಎದುರಾಗುವುದಿಲ್ಲ. ಪ್ರತಿಯೊಂದು ಮೆರವಣಿಗೆಯನ್ನೂ ಉಳಿದ ಐದು ಊರುಗಳ ಗುರುಗಳು ಬರಮಾಡಿಕೊಳ್ಳುತ್ತಾರೆ. ಬಳಿಕ ಅದು ಬೆಳಗಿನ ಹೊತ್ತಿಗೆ ತನ್ನೂರಿಗೆ ಮರಳುತ್ತದೆ.

ಈ ರಚನೆಯ ಅರ್ಥ ಆಳವಾದುದು. ಒಂದೇ ರಾತ್ರಿಯಲ್ಲಿ ಪ್ರತಿಯೊಂದು ಊರೂ ಐದು ಕಡೆ ಅತಿಥಿಯಾಗುತ್ತದೆ, ಐದು ಬಾರಿ ಆತಿಥೇಯವೂ ಆಗುತ್ತದೆ. ತನ್ನ ಶಿಲುಬೆಯನ್ನು ತನ್ನ ಬೀದಿಯಲ್ಲಷ್ಟೇ ಮೆರೆಸಿ ತೃಪ್ತಿಪಡಲು ಇಲ್ಲಿ ಯಾರಿಗೂ ಅವಕಾಶವಿಲ್ಲ. ಹಿಂದೆ ಮೇಣದಬತ್ತಿ ಹಿಡಿದು ನಡೆಯಲು ವಂಶವಾಗಲೀ ಭಾಷೆಯಾಗಲೀ ಅಡ್ಡಿಯಲ್ಲ. ಕಾಲುಗಳಿದ್ದರೆ ಸಾಕು. ಅಪಾಯವೂ ಇಲ್ಲದಿಲ್ಲ. ಶಿಲುಬೆ ಹೊರುವ ಸರದಿಯನ್ನು ಇಪ್ಪತ್ತು ವರ್ಷ ಮುಂಚೆಯೇ ಕಾದಿರಿಸುವುದುಂಟು. ಹರಕೆಯು ಪ್ರತಿಷ್ಠೆಯಾಗಲು ಬಹಳ ದೂರ ಹೋಗಬೇಕಿಲ್ಲ. ವಿಶ್ವಮಾನ್ಯತೆ ಬಂದಲ್ಲಿ ಪ್ರೇಕ್ಷಕರೂ ಬರುತ್ತಾರೆ. ಪ್ರೇಕ್ಷಕನ ಕೈಯಲ್ಲಿ ಮೇಣದಬತ್ತಿಯ ಬದಲು ಕ್ಯಾಮೆರಾ ಇರುತ್ತದೆ. ಪಟ್ಟಿಯೊಂದು ಆಚರಣೆಯ ರೂಪವನ್ನು ಕಾಯಬಲ್ಲುದು, ಪ್ರಾರ್ಥನೆಯನ್ನಲ್ಲ.

ಇನ್ನು ಹಬ್ಬದ ಬುಟ್ಟಿ. ಪವಿತ್ರ ಶನಿವಾರ ಅಥವಾ ಪಾಸ್ಕ ಭಾನುವಾರದ ಮುಂಜಾನೆ ಕುಟುಂಬಗಳು ಕಸೂತಿಯ ವಸ್ತ್ರ ಹೊದಿಸಿದ ಬುಟ್ಟಿಯನ್ನು ದೇವಾಲಯಕ್ಕೆ ತರುತ್ತವೆ. ಹಂದಿಮಾಂಸ, ಈರುಳ್ಳಿಗಿಡ, ಮೂಗಿಗೇರುವ ಖಾರದ ಬೇರು, ‘ಪಿಂತ್ಸಾ’ ಎಂಬ ಸಿಹಿ ರೊಟ್ಟಿ, ಬಣ್ಣದ ಮೊಟ್ಟೆಗಳು ಅದರಲ್ಲಿರುತ್ತವೆ. ಆ ಮೊಟ್ಟೆಗೆ ‘ಪಿಸಾನಿತ್ಸಾ’ ಎಂದು ಹೆಸರು. ‘ಬರೆ’ ಎಂಬ ಕ್ರಿಯಾಪದದಿಂದ ಹುಟ್ಟಿದ ಪದವಿದು. ಈರುಳ್ಳಿ ಸಿಪ್ಪೆಯೊಡನೆ ಬೇಯಿಸಿ ಬಣ್ಣ ಕೊಡುವುದು ಹಳೆಯ ಪದ್ಧತಿ. ಗುರುಗಳು ಆಶೀರ್ವದಿಸಿದ ಈ ಆಹಾರವೇ ಹಬ್ಬದ ಮೊದಲ ಊಟ.

ತಪಸ್ಸುಕಾಲದ ಉಪವಾಸ ಮುಗಿಸಿದವರಿಗೆ ಈ ಊಟ ಪುನರುತ್ಥಾನದ ಸವಿಯೇ ಸರಿ. ಆದರೆ ನಮ್ಮ ಒರೆಗಲ್ಲಿಗೆ ಹಚ್ಚಿದಾಗ ಬುಟ್ಟಿಯು ಮೆರವಣಿಗೆಯಷ್ಟು ಹೊಳೆಯುವುದಿಲ್ಲ. ಬುಟ್ಟಿ ಕುಟುಂಬದ್ದು, ಆಶೀರ್ವಾದವಾದೊಡನೆ ಅದು ಮನೆಯ ಬಾಗಿಲೊಳಗೆ ಸೇರುತ್ತದೆ. ಬಾಡಿಗೆಯ ಕೋಣೆಯಲ್ಲಿರುವ ಒಂಟಿ ಕಾರ್ಮಿಕನಿಗೆ ಬುಟ್ಟಿಯೆಲ್ಲಿ? ಶುಕ್ರವಾರದ ದುಃಖದಲ್ಲಿ ಜೊತೆ ನಡೆದವನು ಭಾನುವಾರದ ಸಂತೋಷದಲ್ಲಿ ಹೊರಗುಳಿಯಬಹುದು. ಯಾರಾದರೂ ಕರೆದು ಮೇಜಿನ ಬಳಿ ಕೂರಿಸಿದಾಗ ಮಾತ್ರ ಈ ಸಂಪ್ರದಾಯ ಪೂರ್ಣವಾಗುತ್ತದೆ. ಎಮ್ಮಾವುಸಿನ ಶಿಷ್ಯರು ದಾರಿಯುದ್ದಕ್ಕೂ ಪ್ರಭುವಿನೊಡನೆ ನಡೆದರೂ ಗುರುತಿಸಲಿಲ್ಲ. ಸಂಜೆಯಾಯಿತೆಂದು ಆ ಅಪರಿಚಿತನನ್ನು ಒತ್ತಾಯಿಸಿ ಉಳಿಸಿಕೊಂಡು, ಆತ ರೊಟ್ಟಿ ಮುರಿದಾಗಲೇ ಅವರ ಕಣ್ಣು ತೆರೆದದ್ದು.

ಪ್ರಿಯ ಓದುಗರೇ, ಪ್ರಶ್ನೆ ಕ್ರೊವೇಷಿಯಾಕ್ಕೆ ಸೀಮಿತವಲ್ಲ. ನಮ್ಮ ಮಕ್ಕಳು ಹೊರದೇಶಗಳಲ್ಲಿ ಪಾಸ್ಕ ಆಚರಿಸುತ್ತಿದ್ದಾರೆ; ಅವರನ್ನು ಯಾರಾದರೂ ಊಟಕ್ಕೆ ಕರೆಯಲೆಂದು ನಾವು ಹಾರೈಸುತ್ತೇವೆ. ಒಡಿಶಾದಿಂದಲೋ ಜಾರ್ಖಂಡದಿಂದಲೋ ದುಡಿಯಲು ಬಂದು ನಮ್ಮ ದೇವಾಲಯದ ಕೊನೆಯ ಸಾಲಿನಲ್ಲಿ ನಿಲ್ಲುವ ಯುವಕನ ತಾಯಿಯೂ ಅದನ್ನೇ ಹಾರೈಸುತ್ತಿರುತ್ತಾಳೆ. ಶಿಲುಬೆಯ ಹಾದಿಯಲ್ಲಿ ಅವನು ನಮ್ಮೊಡನೆ ಹದಿನಾಲ್ಕು ಸ್ಥಳಗಳನ್ನೂ ನಡೆದಿರುತ್ತಾನೆ. ಪಾಸ್ಕದ ಬಲಿಪೂಜೆ ಮುಗಿದ ಮೇಲೆ ಅವನು ಯಾರ ಮನೆಗೆ ಹೋಗಬೇಕು?