ಶರತ್ಕಾಲದ ಗೃಹಾಲಂಕಾರ

ಮುಗಿಲು ಬೆಳ್ಳಗಾಗಿ, ಹೊಲದಲ್ಲಿ ರಾಗಿ ತೆನೆಗಟ್ಟುವ ಆಶ್ವಯುಜ ಶುದ್ಧ ಪಾಡ್ಯದಂದು, ದೊಡ್ಡಬಳ್ಳಾಪುರ ದೇವನಹಳ್ಳಿಗಳ ಹಳೆಯ ಮನೆಗಳಲ್ಲಿ, ವರ್ಷವಿಡೀ ಪಂಚೆಯ ಮಡಿಕೆಗಳೊಳಗೆ ಅಡಗಿದ್ದ ದಸರೆಯ ಬೊಂಬೆಗಳು ಪೆಟ್ಟಿಗೆಯಿಂದ ಹೊರಬಂದು ಬಿಳಿಯ ವಸ್ತ್ರ ಹಾಸಿದ ಮೆಟ್ಟಿಲುಗಳನ್ನೇರುವುದಕ್ಕಿಂತ ಮನೋಹರವಾದ ಅಲಂಕಾರವನ್ನು ನಾನು ಬೇರೆ ಕಾಣೆ. ಅಗ್ರಸ್ಥಾನ ಪಟ್ಟದ ಬೊಂಬೆಗಳದು. ಮದುವಣಗಿತ್ತಿಯೊಡನೆ ತವರಿನಿಂದ ಬಂದ, ಮರದಲ್ಲಿ ಕಡೆದ ಈ ರಾಜರಾಣಿಯರಿಗೆ ಜರಿಯ ತುಂಡನ್ನುಡಿಸಿ, ಮಣಿಸರ ತೊಡಿಸಿ, ತಿಲಕವಿಡುವ ಗೃಹಿಣಿಯ ಬೆರಳುಗಳಲ್ಲಿ ಕಲೆಯೂ ಭಕ್ತಿಯೂ ಅಭಿನ್ನವಾಗಿರುತ್ತವೆ. ಕೆಳಗೆ ದಿನಸಿಯ ಅಂಗಡಿ ಹೂಡಿದ ಸೆಟ್ಟಿದಂಪತಿಗಳು, ಚನ್ನಪಟ್ಟಣದ ಅರಗುಬಣ್ಣದ ಆಟಿಕೆಗಳು, ರಾಗಿ ಮೊಳೆಯಿಸಿದ ಪುಟ್ಟ ಉದ್ಯಾನ.

ಎಲ್ಲರ ಅಭಿರುಚಿಯೂ ಒಂದೇ ಅಲ್ಲ. ಮಾವಿನ ತೋರಣ, ಸೇವಂತಿಗೆಯ ಮಾಲೆ ಸಾಕೆನ್ನುವವರುಂಟು. ಪ್ರತಿವರ್ಷವೂ ನೂತನ ಕಥಾವಸ್ತುವನ್ನರಸಿ, ಚಂದ್ರಯಾನವನ್ನೂ ಮೆಟ್ಟಿಲೇರಿಸುವ ಉತ್ಸಾಹಿಗಳುಂಟು. ಅದನ್ನು ಆಡಂಬರವೆಂದು ಹಳಿಯುವ ಹಿರಿಯರೂ ಉಂಟು. ಮಕ್ಕಳ ಕೈಯಿಂದಾದ ನವೀನತೆಯನ್ನು ನಾನು ಹಳಿಯಲಾರೆ. ಆದರೆ ಪಟ್ಟದ ಬೊಂಬೆಗಳನ್ನು ಮೂಲೆಗೊತ್ತಿದ ವೈಭವ ನನಗೆ ಒಪ್ಪಿಗೆಯಲ್ಲ. ದೊಡ್ಡಬಳ್ಳಾಪುರದ ನೇಕಾರರಿಗಾದರೋ ಮಗ್ಗವೇ ಮನೆಯ ಪ್ರಧಾನ ಮೂರ್ತಿ: ಆಯುಧಪೂಜೆಯಂದು ಲಾಳಿಯ ಸದ್ದು ನಿಂತು, ಎಣ್ಣೆಯ ಕಲೆ ಒರೆಸಿಕೊಂಡ ಆ ಯಂತ್ರ ಬಾಳೆಕಂದು, ಚೆಂಡುಹೂ, ಅರಿಸಿನ ಕುಂಕುಮಗಳಿಂದ ಶೋಭಿಸುವಾಗ, ಅನ್ನವಿತ್ತ ಸಾಧನವನ್ನೇ ಸಿಂಗರಿಸುವ ಆ ಸಂಸ್ಕಾರಕ್ಕೆ ನನ್ನ ಮೆಚ್ಚುಗೆ ಎಲ್ಲಕ್ಕಿಂತ ಮಿಗಿಲು.