ಚಪ್ಪಾಳೆ ನಿಂತಮೇಲೆ

2021ರಲ್ಲಿ ಸರ್ಕಾರ ನವೆಂಬರ್ 11ನ್ನು ಓಬವ್ವ ಜಯಂತಿ ಅಂತ ಸಾರಿತು. ಅವತ್ತು ಹಿರೇಗುಂಟನೂರು ಸೀಮೆಯ ಮಕ್ಕಳೂ ಒನಕೆ ಹುಡುಕಬೇಕು. ಹುಡುಗಿಯೊಬ್ಬಳು ಕಚ್ಚೆ ಹಾಕಿ ನಿಲ್ತಾಳೆ, ನಾಲ್ಕು ಹುಡುಗರು ಕಿಂಡೀಲಿ ತಲೆ ತೂರಿಸ್ತಾರೆ, ಬೀಳ್ತಾರೆ. ಚಪ್ಪಾಳೆ. ಇದು 1972ರ 'ನಾಗರಹಾವು' ಸಿನಿಮಾದ ನಕಲು. ಚರಿತ್ರೆ ಕಲಿಸುವ ಆಟವಲ್ಲ.

ಓಬವ್ವ ಹೊಲಗೇರಿಯ ಹೆಣ್ಣುಮಗಳು. ಕಾವಲುಗಾರ ಗಂಡ ಉಣ್ಣಲು ಕೂತಿದ್ದ, ಇವಳು ನೀರಿಗೆ ಹೋಗಿದ್ದಳು ಅಂತ ಕತೆ. ಕೋಟೆ ಕಾಯಲು ಬೇಕಾದ ಈ ಕೈ, ಕೋಟೆಯ ಯಾವ ಹೊಂಡ ಮುಟ್ಟಬಹುದಿತ್ತು? ಮೇಷ್ಟ್ರೇ, ನಿಮ್ಮ ಆಟದಲ್ಲಿ ಈ ಪ್ರಶ್ನೆ ಕೇಳುವ ಪಾತ್ರವೇ ಇಲ್ಲ.

ಯಹೂದಿ ಚರಿತ್ರೆ ಕಲಿಸಲು 2013ರಲ್ಲಿ 'ಜ್ಯೂಯಿಷ್ ಟೈಮ್ ಜಂಪ್' ಅನ್ನೋ ಮೊಬೈಲ್ ಆಟ ಬಂತು. ಆಡುವವರು ವರದಿಗಾರರಾಗಿ ನ್ಯೂಯಾರ್ಕಿನಲ್ಲಿ 1909ರ ಹೊಲಿಗೆ ಕಾರ್ಮಿಕ ಹೆಣ್ಣುಮಕ್ಕಳ ಮುಷ್ಕರದ ಜಾಡು ಹಿಡೀಬೇಕು. ಆ ಮುಷ್ಕರದಲ್ಲಿ ಮಾಲೀಕರಲ್ಲೂ ಯಹೂದಿಗಳಿದ್ದರು. 'ನಮ್ಮವರು' ಅಂದ ಕೂಡಲೇ ಯಾವ ನಮ್ಮವರು ಅಂತ ಕೇಳಲೇಬೇಕು. ಆದರೆ ನಾಜಿ ಶಿಬಿರಗಳನ್ನು ತರಗತೀಲಿ ಆಡಿಸಬೇಡಿ ಅಂತ ವಾಷಿಂಗ್ಟನ್ನಿನ ಹೋಲೋಕಾಸ್ಟ್ ಮ್ಯೂಸಿಯಂ ಶಿಕ್ಷಕರಿಗೆ ಹೇಳುತ್ತದೆ. ನಮಗೂ ಇದು ಸರಿ. 'ದೂರ ನಿಲ್ಲು' ಅನ್ನಿಸಿಕೊಳ್ಳುವ ಪಾತ್ರ ನಮ್ಮ ಹುಡುಗನಿಗೆ ಬೇಡ, ಅದನ್ನವನು ಊರಲ್ಲೇ ಕಲಿತು ಬಂದಿದ್ದಾನೆ. ಹೈದರನ ಸಿಪಾಯಿ ವೇಷ ಮುಸ್ಲಿಂ ಹುಡುಗನಿಗೇ ಕಟ್ಟುವುದೂ ಬೇಡ. ಆ ಸೈನ್ಯದಲ್ಲಿ ಹಿಂದೂಗಳೂ ಇದ್ದರು.

ಚಪ್ಪಾಳೆ ನಿಂತಮೇಲೆ ಆಟ ಶುರುಮಾಡಿ. 1779ರಲ್ಲಿ ದುರ್ಗ ಬಿತ್ತು. ಓಬವ್ವನ ಗಂಡ ಕಹಳೆ ಮುದ್ದಹನುಮ ಹೊಸ ದೊರೆಗೂ ಕಹಳೆ ಊದಬೇಕೆ? ಮಕ್ಕಳು ಜಗಳ ಆಡಿ ತೀರ್ಮಾನಿಸಲಿ.