ಪಠ್ಯಪುಸ್ತಕದಲ್ಲಿಲ್ಲದ ಪಾಠ

ಮಕ್ಕಳನ್ನು ಒಳ್ಳೆಯ ಶಾಲೆಗೆ ಸೇರಿಸಬೇಕೆಂಬ ಆಸೆ ಇಲ್ಲದ ಹೆತ್ತವರಿಲ್ಲ. ಆದರೆ ಒಳ್ಳೆಯ ಶಾಲೆ ಎಂದರೆ ಯಾವುದು ಎಂದು ಕೇಳಿದರೆ ನಾವು ಕೊಡುವ ಉತ್ತರಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಫಲಿತಾಂಶ ಎಷ್ಟು ಶೇಕಡ? ಕಟ್ಟಡ ಹೇಗಿದೆ? ಮಕ್ಕಳು ಇಂಗ್ಲಿಷ್ ಮಾತನಾಡುತ್ತಾರೆಯೇ? ಎಷ್ಟು ಮಂದಿಗೆ ಮೆಡಿಕಲ್ ಸೀಟು ಸಿಕ್ಕಿದೆ? ಈ ಶಾಲೆ ನನ್ನ ಮಗುವಿಗೆ ತನ್ನ ಬಗ್ಗೆ ಏನನ್ನು ನಂಬಲು ಕಲಿಸುತ್ತದೆ, ತನ್ನಷ್ಟು ಮುಂದೆ ಬಾರದವರ ಬಗ್ಗೆ ಏನನ್ನು ನಂಬಲು ಕಲಿಸುತ್ತದೆ ಎಂದು ಕೇಳುವವರು ವಿರಳ.

ಈ ಪ್ರಶ್ನೆಯನ್ನು ಬಹಳ ತಾಳ್ಮೆಯಿಂದ ಕೇಳಿದ ಒಂದು ಇಂಗ್ಲಿಷ್ ಪುಸ್ತಕ 'ಪ್ರಿವಿಲೇಜ್'. ಬರೆದವರು ಶೇಮಸ್ ರಹಮಾನ್ ಖಾನ್ ಎಂಬ ಸಮಾಜಶಾಸ್ತ್ರಜ್ಞ. 2011ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಮುದ್ರಣಾಲಯ ಇದನ್ನು ಪ್ರಕಟಿಸಿತು. ಅಮೆರಿಕದ ಅತ್ಯಂತ ಪ್ರತಿಷ್ಠಿತ ಖಾಸಗಿ ಪ್ರೌಢಶಾಲೆಗಳಲ್ಲಿ ಒಂದಾದ ಸೇಂಟ್ ಪಾಲ್ಸ್ ಶಾಲೆಯೊಳಗಿನ ಬದುಕು ಇದರ ವಸ್ತು. ಪುಸ್ತಕ ಹಳೆಯದಾದರೂ ಅದು ಎತ್ತುವ ಪ್ರಶ್ನೆ ಹಳೆಯದಾಗಿಲ್ಲ. ಅದಕ್ಕಾಗಿಯೇ ಈಗ ಅದರ ಬಗ್ಗೆ ಬರೆಯಬೇಕೆನಿಸಿತು.

ಅಮೆರಿಕದಲ್ಲಿ ಇಂತಹ ಶಾಲೆಗಳನ್ನು 'ಪ್ರೆಪ್ ಸ್ಕೂಲ್' ಎನ್ನುತ್ತಾರೆ. ಅಂದರೆ ಕಾಲೇಜಿಗೆ ಸಿದ್ಧಗೊಳಿಸುವ ಶಾಲೆ. ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗೆ, ನಾಲ್ಕು ವರ್ಷಗಳ ಓದು. ಇವುಗಳಲ್ಲಿ ಕೆಲವು ಆ ದೇಶದಷ್ಟೇ ಹಳೆಯವು. ಆಂಡೋವರ್‌ನ ಫಿಲಿಪ್ಸ್ ಅಕಾಡೆಮಿ 1778ರಲ್ಲಿ, ಎಕ್ಸಿಟರ್‌ನ ಫಿಲಿಪ್ಸ್ ಅಕಾಡೆಮಿ 1781ರಲ್ಲಿ ಆರಂಭವಾದವು. ಸೇಂಟ್ ಪಾಲ್ಸ್ ಶಾಲೆಯನ್ನು 1856ರಲ್ಲಿ ಬೋಸ್ಟನ್‌ನ ವೈದ್ಯ ಜಾರ್ಜ್ ಶಾಟಕ್ ಅವರು ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಕಾಂಕರ್ಡ್‌ನಲ್ಲಿ ಸ್ಥಾಪಿಸಿದರು. ಸುಮಾರು ಎರಡು ಸಾವಿರ ಎಕರೆಯ ಆವರಣ. ಅದರಲ್ಲಿ ಕಾಡು, ಕೆರೆ, ಆಟದ ಮೈದಾನಗಳು. ವಿದ್ಯಾರ್ಥಿಗಳು ಮಾತ್ರ ಐನೂರಕ್ಕೂ ಸ್ವಲ್ಪ ಹೆಚ್ಚು! ಎಲ್ಲರೂ ಅಲ್ಲೇ ವಾಸ. ಅಧ್ಯಾಪಕರೂ ಅಲ್ಲೇ ವಾಸ. ತರಗತಿಯಲ್ಲಿ ಪಾಠ ಹೇಳುವವರೇ ಸಂಜೆ ಮೈದಾನದಲ್ಲಿ ತರಬೇತಿ ಕೊಡುತ್ತಾರೆ, ರಾತ್ರಿ ಹಾಸ್ಟೆಲಿನಲ್ಲಿ ಮೇಲ್ವಿಚಾರಕರಾಗಿರುತ್ತಾರೆ. ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿದ್ದ ಜಾನ್ ಕೆರಿ, ಎಫ್‌ಬಿಐ ಮುಖ್ಯಸ್ಥರಾಗಿದ್ದ ರಾಬರ್ಟ್ ಮುಲ್ಲರ್ ಇಬ್ಬರೂ ಇಲ್ಲಿ ಕಲಿತವರು. ಇಂತಹ ಹಾಸ್ಟೆಲ್ ಶಾಲೆಗಳ ವಾರ್ಷಿಕ ವೆಚ್ಚ ಈಗ 70 ಸಾವಿರ ಡಾಲರಿನ ಆಸುಪಾಸಿನಲ್ಲಿದೆ. ನಮ್ಮ ಲೆಕ್ಕದಲ್ಲಿ ಅರ್ಧ ಕೋಟಿ ರೂಪಾಯಿಗೂ ಮೇಲೆ. ಬಡ ಮತ್ತು ಮಧ್ಯಮ ವರ್ಗದ ಒಂದಷ್ಟು ಮಕ್ಕಳಿಗೆ ಶಾಲೆಯೇ ನೆರವು ನೀಡುತ್ತದೆ ಎಂಬುದನ್ನೂ ಹೇಳಬೇಕು.

ಖಾನ್ ಅವರ ತಂದೆ ಪಾಕಿಸ್ತಾನದ ಹಳ್ಳಿಯಿಂದ ಬಂದವರು. ತಾಯಿ ಐರ್ಲೆಂಡಿನ ಹಳ್ಳಿಯವರು. ತಂದೆ ಅಮೆರಿಕದಲ್ಲಿ ಶಸ್ತ್ರಚಿಕಿತ್ಸಕರಾಗಿ ಚೆನ್ನಾಗಿ ಸಂಪಾದಿಸಿದರು. 1993ರಲ್ಲಿ ಮಗ ಸೇಂಟ್ ಪಾಲ್ಸ್ ಸೇರಿದಾಗ ಅವನಿಗೆ ಸಿಕ್ಕಿದ್ದು ಕಪ್ಪು ಮತ್ತು ಲ್ಯಾಟಿನೋ ಹುಡುಗರೇ ತುಂಬಿದ್ದ ಹಾಸ್ಟೆಲ್. ಶಾಲೆಯ ಬಾಗಿಲು ತೆರೆದಿತ್ತು, ಆದರೆ ಒಳಗೆ ಯಾರ ಜಾಗ ಎಲ್ಲಿ ಎಂಬುದು ಮೊದಲೇ ನಿಶ್ಚಯವಾದಂತಿತ್ತು. ಸುಮಾರು ಒಂದು ದಶಕದ ನಂತರ, 2004ರಲ್ಲಿ, ಅದೇ ಶಾಲೆಗೆ ಖಾನ್ ಅಧ್ಯಾಪಕರಾಗಿ ಮರಳಿದರು. ಒಂದು ವರ್ಷ ಪಾಠ ಮಾಡುತ್ತಾ, ಆಟ ಕಲಿಸುತ್ತಾ, ಅಧ್ಯಯನಕ್ಕಾಗಿ ಎಲ್ಲವನ್ನೂ ಗಮನಿಸಿದರು. ಒಳಗಿನವನಾಗಿಯೂ ಹೊರಗಿನವನಾಗಿ ನೋಡಬಲ್ಲ ಈ ದೃಷ್ಟಿಯೇ ಪುಸ್ತಕದ ದೊಡ್ಡ ಶಕ್ತಿ. ಸಿರಿವಂತರನ್ನು ಬಯ್ಯುವ ಆವೇಶವಾಗಲೀ ಹಳೆಯ ಶಾಲೆಯನ್ನು ಕೊಂಡಾಡುವ ಭಾವುಕತೆಯಾಗಲೀ ಇಲ್ಲಿಲ್ಲ.

ಶಾಲೆಯ ದಿನ ಆರಂಭವಾಗುವುದು ಬೆಳಗಿನ ಪ್ರಾರ್ಥನಾ ಮಂದಿರದ ಸಭೆಯಿಂದ. ಅಲ್ಲಿ ಪ್ರತಿಯೊಬ್ಬರಿಗೂ ನಿಗದಿತ ಆಸನವಿದೆ. ಅದೂ ಹಿರಿತನದ ಪ್ರಕಾರ. ಹೊಸ ಮಕ್ಕಳಿಗೆ ಅವರವರ ಜಾಗ ತೋರಿಸಿ ಕೂರಿಸುವುದೇ ಒಂದು ಸಮಾರಂಭ. ವರ್ಷ ಕಳೆದಂತೆ ಜಾಗ ಬದಲಾಗುತ್ತದೆ. ಇದು ಚಿಕ್ಕ ವಿಷಯದಂತೆ ಕಾಣುತ್ತದೆ. ಆದರೆ ಖಾನ್ ಇದರಲ್ಲಿ ಮೊದಲ ಪಾಠವನ್ನು ಗುರುತಿಸುತ್ತಾರೆ. ಸಮಾಜದಲ್ಲಿ ಮೇಲುಕೀಳು ಇರುವುದು ಸಹಜ, ಆದರೆ ಅದು ನಿನ್ನ ದಾರಿಗೆ ಅಡ್ಡ ನಿಂತ ಗೋಡೆಯಲ್ಲ, ನೀನು ಹತ್ತಬಹುದಾದ ಏಣಿ! ಈ ಏಣಿ ಎಲ್ಲರ ಮನೆಯ ಮುಂದೆಯೂ ಇದೆಯೇ ಎಂಬ ಪ್ರಶ್ನೆ ಆ ಮಗುವಿಗೆ ಹೊಳೆಯುವುದೇ ಇಲ್ಲ. ಯಾಕೆಂದರೆ ಅವನ ಕಣ್ಣೆದುರಿನ ಎಲ್ಲರೂ ಪ್ರತಿ ವರ್ಷ ಒಂದು ಮೆಟ್ಟಿಲು ಹತ್ತುತ್ತಲೇ ಇರುತ್ತಾರೆ.

ಎರಡನೆಯದು ಊಟದ ಮೇಜಿನ ಪಾಠ. ವಾರದಲ್ಲಿ ಕೆಲವು ರಾತ್ರಿ ಕೋಟು, ಟೈ ಧರಿಸಿ ಅಧ್ಯಾಪಕರೊಂದಿಗೆ ಕುಳಿತು ಊಟ ಮಾಡಬೇಕು. ಚಮಚ ಹಿಡಿಯುವ ಕ್ರಮವನ್ನು ಯಾರು ಬೇಕಾದರೂ ಒಂದು ವಾರದಲ್ಲಿ ಕಲಿಯಬಹುದು. ಆದರೆ ಅಲ್ಲಿ ನಿಜವಾಗಿ ಬೇಕಾಗಿರುವುದು ಕ್ರಮವಲ್ಲ. ಅಷ್ಟೊಂದು ಔಪಚಾರಿಕ ಊಟದಲ್ಲೂ ಮನೆಯಂಗಳದಲ್ಲಿ ಕುಳಿತಂತೆ ಇರುವುದು. ಹಿರಿಯರೊಂದಿಗೆ ಭಯವಿಲ್ಲದೆ, ಹಾಗೆಂದು ಉಡಾಫೆಯೂ ಇಲ್ಲದೆ ಮಾತನಾಡುವುದು. ಖಾನ್ ಇದಕ್ಕೆ ಬಳಸುವ ಪದ 'ಈಸ್'. ಕನ್ನಡದಲ್ಲಿ 'ಸಲೀಸು' ಎನ್ನಬಹುದು. ಎಲ್ಲೇ ಹೋದರೂ, ಯಾರೆದುರು ನಿಂತರೂ ಸಲೀಸಾಗಿರುವುದು. ಹೊಸ ಸಿರಿವಂತಿಕೆಯ ಗುರುತು ಇದೇ ಎಂಬುದು ಇಡೀ ಪುಸ್ತಕದ ತಿರುಳು.

ತರಗತಿಯಲ್ಲೂ ಇದೇ ನಡೆಯುತ್ತದೆ. 'ಬೇವುಲ್ಫ್' ಎಂಬ ಪ್ರಾಚೀನ ಇಂಗ್ಲಿಷ್ ಕಾವ್ಯವನ್ನೂ 'ಜಾಸ್' ಎಂಬ ಶಾರ್ಕ್ ಮೀನಿನ ಜನಪ್ರಿಯ ಸಿನಿಮಾವನ್ನೂ ಜೊತೆಗಿಟ್ಟು ಚರ್ಚಿಸುವಂತೆ ಮಕ್ಕಳಿಗೆ ಹೇಳುವ ಪ್ರಸಂಗ ಪುಸ್ತಕದಲ್ಲಿದೆ. ಹಿಂದಿನ ಕಾಲದ ಸಿರಿವಂತರು ತಮ್ಮ ಅಭಿರುಚಿಗೆ ಬೇಲಿ ಹಾಕಿಕೊಂಡಿದ್ದರು. ಶಾಸ್ತ್ರೀಯ ಸಂಗೀತ ನಮ್ಮದು, ಬೀದಿಯ ಹಾಡು ನಿಮ್ಮದು ಎನ್ನುತ್ತಿದ್ದರು. ಈಗಿನವರು ಎರಡನ್ನೂ ತಮ್ಮದಾಗಿಸಿಕೊಂಡಿದ್ದಾರೆ. ನೋಡುವುದಕ್ಕೆ ಇದು ಬಹಳ ಉದಾರ. ಆದರೆ ಇದರ ಇನ್ನೊಂದು ಮುಖವನ್ನು ಖಾನ್ ತೋರಿಸುತ್ತಾರೆ. ಎಲ್ಲವನ್ನೂ ಸವಿಯಬಲ್ಲ ನಾವು ವಿಶಾಲ ಮನಸ್ಸಿನವರು, ತಮ್ಮ ಊರು ಕೇರಿಯನ್ನು ಬಿಟ್ಟು ಬೇರೇನೂ ತಿಳಿಯದವರು ಸಂಕುಚಿತರು, ಅವರು ಹಿಂದುಳಿದದ್ದು ಅವರದೇ ತಪ್ಪಿನಿಂದ ಎಂಬ ತೀರ್ಮಾನಕ್ಕೆ ಇಲ್ಲಿಂದ ಒಂದೇ ಹೆಜ್ಜೆ.

ಪುಸ್ತಕದ ಅತ್ಯಂತ ಹರಿತವಾದ ಭಾಗ ಪರಿಶ್ರಮದ ಬಗ್ಗೆ ಇದೆ. ಈ ಶಾಲೆಯಲ್ಲಿ ವಂಶದ ಹೆಸರು ಹೇಳಿಕೊಂಡು ಮೆರೆಯುವ ಹುಡುಗನಿಗೆ ಗೌರವವಿಲ್ಲ. ಸಹಪಾಠಿಗಳೇ ಅವನನ್ನು ದೂರ ಇಡುತ್ತಾರೆ. ನಾವು ಇಲ್ಲಿರುವುದು ಅಪ್ಪ ಅಜ್ಜಂದಿರಿಂದಲ್ಲ, ಕಷ್ಟಪಟ್ಟು ದುಡಿದದ್ದರಿಂದ ಎಂದು ಮಕ್ಕಳು ಪ್ರಾಮಾಣಿಕವಾಗಿ ನಂಬಿದ್ದಾರೆ. ಆದರೆ ಖಾನ್ ಗಮನಿಸಿದಂತೆ, ಪರಿಶ್ರಮದ ಬಗ್ಗೆ ಮಾತನಾಡುವಷ್ಟು ಅವರು ಪರಿಶ್ರಮ ಪಡುವುದಿಲ್ಲ. ನಿಜಕ್ಕೂ ಹಗಲಿರುಳು ಓದಿನಲ್ಲೇ ಮುಳುಗಿರುವವನು ಅಲ್ಲಿ ಸ್ವಲ್ಪ ವಿಚಿತ್ರವಾಗಿಯೇ ಕಾಣುತ್ತಾನೆ. ಗೆಲುವಿಗೆ ಬೆವರಿನ ಕಥೆ ಬೇಕು, ಬೆವರು ಮಾತ್ರ ಕಾಣಬಾರದು!

ಬೆಳಗ್ಗೆ ಎಲ್ಲರಿಗಿಂತ ಮೊದಲು ಎದ್ದು ಅಡುಗೆ ಮನೆಗೆ ಬರುವವರು, ಹಾಸ್ಟೆಲ್ ಗುಡಿಸುವವರು ಅದೇ ಆವರಣದಲ್ಲಿದ್ದಾರೆ. ದುಡಿಮೆಯೇ ಏಣಿಯಾಗಿದ್ದರೆ ಇವರು ಎಲ್ಲಿರಬೇಕಿತ್ತು? ಖಾನ್ ಈ ನೌಕರರ ಕಡೆಗೂ ಕಣ್ಣು ಹಾಯಿಸುತ್ತಾರೆ. ಇನ್ನಷ್ಟು ಹೊತ್ತು ಅವರ ಬಳಿ ನಿಲ್ಲಬೇಕಿತ್ತು ಎಂದು ಓದುಗನಿಗೆ ಅನಿಸುತ್ತದೆ. ಶಾಲೆಯ ನಂಬಿಕೆಯನ್ನು ಅತ್ಯಂತ ಸರಳವಾಗಿ ಸುಳ್ಳಾಗಿಸುವ ಸಾಕ್ಷಿಗಳು ಅವರೇ ಅಲ್ಲವೇ?

ಹಾಗಾದರೆ ಬಾಗಿಲು ತೆರೆದದ್ದು ಏನೂ ಅಲ್ಲವೇ? ಖಾನ್ ಹಾಗೆ ಹೇಳುವುದಿಲ್ಲ. ಒಂದು ಕಾಲದಲ್ಲಿ ಬಿಳಿಯ ಸಿರಿವಂತ ಹುಡುಗರಿಗೆ ಮಾತ್ರ ಎಂಬಂತಿದ್ದ ಶಾಲೆಗೆ 1971ರಲ್ಲಿ ಹುಡುಗಿಯರು ಬಂದರು. ಕಪ್ಪು, ಲ್ಯಾಟಿನೋ, ಏಷ್ಯನ್ ಮಕ್ಕಳು ಬಂದರು. ಸ್ವತಃ ಲೇಖಕರೇ ಇದಕ್ಕೆ ಉದಾಹರಣೆ. ಆದರೆ ಇಂತಹ ಸಂಸ್ಥೆಗಳ ಬಾಗಿಲು ತೆರೆದುಕೊಂಡ ಅದೇ ದಶಕಗಳಲ್ಲಿ ಅಮೆರಿಕದ ಬಡವ ಬಲ್ಲಿದರ ಅಂತರ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಮುಕ್ತತೆ ಬೇರೆ, ಸಮಾನತೆ ಬೇರೆ ಎಂಬುದನ್ನು ಈ ಪುಸ್ತಕದಷ್ಟು ಸ್ಪಷ್ಟವಾಗಿ ಹೇಳಿದ ಬರಹಗಳು ಕಡಿಮೆ. ಒಳಗೆ ಬಂದ ಬಡ ಮಗುವಿನ ಪಾಡನ್ನೂ ಅದು ಹೇಳುತ್ತದೆ. ಆ ಮಗುವಿಗೆ ಶಾಲೆಯ ಮೇಲೆ ನಿಜವಾದ ಗೌರವವಿದೆ. ಊಟದ ಮೇಜಿನಲ್ಲಿ ಅದು ಬೆನ್ನು ನೆಟ್ಟಗೆ ಮಾಡಿ ಕೂರುತ್ತದೆ. ಆ ಗೌರವವೇ ಅದು ಹೊರಗಿನದು ಎಂಬುದನ್ನು ಬಿಟ್ಟುಕೊಡುತ್ತದೆ.

ಇಷ್ಟೆಲ್ಲಾ ಮೆಚ್ಚಿದ ಮೇಲೂ ಎರಡು ತಕರಾರುಗಳು ಉಳಿಯುತ್ತವೆ.

ಮೊದಲನೆಯದು, ಇದು ಅಧ್ಯಾಪಕನ ಕಣ್ಣಿಗೆ ಬಿದ್ದ ಶಾಲೆ. ಹುಡುಗಿಯರಿಗೆ ಈ ಸಲೀಸುತನ ಹುಡುಗರಿಗಿಂತ ಕಠಿಣ ಎಂದು ಖಾನ್ ಒಂದು ಅಧ್ಯಾಯದಲ್ಲಿ ಹೇಳುತ್ತಾರೆ. ಆದರೆ ಆ ಕಷ್ಟದ ಆಳ ಹೊರಬಿದ್ದದ್ದು ಪುಸ್ತಕ ಬಂದ ನಂತರ. 2014ರಲ್ಲಿ ಹಿರಿಯ ವಿದ್ಯಾರ್ಥಿಯೊಬ್ಬನ ಮೇಲೆ ಕಿರಿಯ ವಿದ್ಯಾರ್ಥಿನಿ ನೀಡಿದ ದೌರ್ಜನ್ಯದ ದೂರು ಮರುವರ್ಷ ನ್ಯಾಯಾಲಯದಲ್ಲಿ ವಿಚಾರಣೆಗೆ ಬಂದು ದೇಶವಿಡೀ ಸುದ್ದಿಯಾಯಿತು. ಹಿಂದಿನ ದಶಕಗಳಲ್ಲಿ ಅಧ್ಯಾಪಕರೇ ಮಕ್ಕಳ ಮೇಲೆ ನಡೆಸಿದ್ದ ದೌರ್ಜನ್ಯಗಳನ್ನು ಶಾಲೆಯೇ ನೇಮಿಸಿದ ತನಿಖೆಯ ವರದಿ 2017ರಲ್ಲಿ ಬಯಲು ಮಾಡಿತು. 2018ರಲ್ಲಿ ರಾಜ್ಯದ ಅಟಾರ್ನಿ ಜನರಲ್ ಜೊತೆ ಶಾಲೆ ಒಪ್ಪಂದ ಮಾಡಿಕೊಂಡು ಹೊರಗಿನ ಮೇಲ್ವಿಚಾರಕರನ್ನು ಒಪ್ಪಿಕೊಳ್ಳಬೇಕಾಯಿತು. ಹಳೆಯ ವಿದ್ಯಾರ್ಥಿನಿ ಲೇಸಿ ಕ್ರಾಫರ್ಡ್ 2020ರಲ್ಲಿ ಪ್ರಕಟಿಸಿದ 'ನೋಟ್ಸ್ ಆನ್ ಎ ಸೈಲೆನ್ಸಿಂಗ್' ಎಂಬ ಆತ್ಮಕಥನ, 1990ರಲ್ಲಿ ತಾನು ಅನುಭವಿಸಿದ ದೌರ್ಜನ್ಯವನ್ನೂ ತನ್ನ ಬಾಯಿ ಮುಚ್ಚಿಸಿದ ಬಗೆಯನ್ನೂ ಹೇಳುತ್ತದೆ. ಖಾನ್ ಕೂಡಾ ಅದೇ ವರ್ಷ ಜೆನಿಫರ್ ಹರ್ಷ್ ಜೊತೆ ಸೇರಿ ವಿಶ್ವವಿದ್ಯಾಲಯದ ಆವರಣದಲ್ಲಿನ ಲೈಂಗಿಕ ದೌರ್ಜನ್ಯದ ಬಗ್ಗೆ ಪುಸ್ತಕ ಬರೆದರು ಎಂಬುದನ್ನು ನೆನೆಯಬೇಕು. ಆದರೆ 'ಪ್ರಿವಿಲೇಜ್' ಓದುವವರು ಕ್ರಾಫರ್ಡ್ ಅವರ ಪುಸ್ತಕವನ್ನೂ ಜೊತೆಗೆ ಓದಬೇಕು. ಸಂಸ್ಥೆಯ ಹೆಸರು ಕೆಡಬಾರದೆಂಬ ಕಾಳಜಿ ಮಗುವಿನ ಕಾಳಜಿಗಿಂತ ದೊಡ್ಡದಾದಾಗ ಏನಾಗುತ್ತದೆ ಎಂಬುದು ಆಗ ಮಾತ್ರ ತಿಳಿಯುತ್ತದೆ. ಹಾಸ್ಟೆಲ್ ನಡೆಸುವ ಯಾವ ಆಡಳಿತ ಮಂಡಳಿಯೂ ಇದು ಅಮೆರಿಕದ ಕಥೆ ಎಂದು ತಳ್ಳಿಹಾಕುವಂತಿಲ್ಲ.

ಎರಡನೆಯದು, ಅಲ್ಲಿನ ಕಲಿಕೆಗೆ ಸಂಬಂಧಿಸಿದ್ದು. ಖಾನ್ ತರಗತಿಯನ್ನು ಹೆಚ್ಚಾಗಿ ಅಂತಸ್ತು ತಯಾರಾಗುವ ಜಾಗವಾಗಿಯೇ ನೋಡುತ್ತಾರೆ. ಆದರೆ ಹತ್ತು ಹನ್ನೆರಡು ಮಕ್ಕಳು ಅಧ್ಯಾಪಕರೊಂದಿಗೆ ಸುತ್ತ ಕುಳಿತು ಓದಿದ್ದನ್ನು ಚರ್ಚಿಸುವುದು ಬರೀ ತೋರಿಕೆಯಲ್ಲ, ನಿಜವಾದ ಶಿಕ್ಷಣವೂ ಹೌದು. 1930ರ ಸುಮಾರಿಗೆ ಎಡ್ವರ್ಡ್ ಹಾರ್ಕ್ನೆಸ್ ಎಂಬ ದಾನಿ ಎಕ್ಸಿಟರ್ ಶಾಲೆಗೆ ಭಾರೀ ಮೊತ್ತ ನೀಡಿದ್ದು ಇದೇ ಉದ್ದೇಶಕ್ಕೆ. ಉಪನ್ಯಾಸ ಕೇಳುವ ಬೆಂಚುಗಳು ಹೋಗಿ ಅಂಡಾಕಾರದ ಮೇಜುಗಳು ಬಂದವು. ಹಿಂದಿನ ಬೆಂಚು ಎಂಬುದೇ ಇಲ್ಲದ ತರಗತಿ! ಇದನ್ನು ಸಿರಿವಂತರ ಆಟ ಎಂದು ಗೇಲಿ ಮಾಡಿದರೆ ನಷ್ಟ ನಮಗೇ. ಅನ್ಯಾಯ ಇರುವುದು ಅಂತಹ ಮೇಜು ಇರುವುದರಲ್ಲಿ ಅಲ್ಲ, ಅದರ ಸುತ್ತ ಕೂರುವ ಭಾಗ್ಯ ಕೆಲವೇ ಮಕ್ಕಳಿಗೆ ಇರುವುದರಲ್ಲಿ.

ಈ ಪುಸ್ತಕ ಓದುತ್ತಾ ನಮ್ಮ ಊರುಗಳ ಶಾಲೆಗಳು ನೆನಪಾಗದಿರುವುದು ಸಾಧ್ಯವಿಲ್ಲ. ಕಳೆದ ಎರಡು ಮೂರು ದಶಕಗಳಲ್ಲಿ ಎಲ್ಲ ಸಮುದಾಯಗಳೂ ಶಾಲೆ ಕಟ್ಟಿವೆ. ಹೆಸರಿನಲ್ಲಿ 'ಇಂಟರ್‌ನ್ಯಾಷನಲ್' ಬಂತು, ಕೊರಳಿಗೆ ಟೈ ಬಂತು. ಆದರೆ ಹೊರಗಿನ ವೇಷವನ್ನಷ್ಟೇ ತಂದ ನಾವು ಒಳಗಿನ ಚರ್ಚೆಯ ಮೇಜನ್ನು ತರಲಿಲ್ಲ. ಕಾಲೇಜಿಗೆ ಸಿದ್ಧಗೊಳಿಸುವ ನಮ್ಮ ವಸತಿ ಪಿಯು ಕಾಲೇಜುಗಳಲ್ಲಿ ಮಕ್ಕಳು ಮುಂಜಾನೆಯಿಂದ ತಡರಾತ್ರಿಯವರೆಗೆ ಸಿಇಟಿ, ನೀಟ್‌ಗಾಗಿ ಪ್ರಶ್ನೆ ಬಿಡಿಸುತ್ತಾರೆ. ಅಲ್ಲಿನ ಮಗು ಕಲಿಯುವುದು ಸಲೀಸು, ಇಲ್ಲಿನ ಮಗು ಕಲಿಯುವುದು ಭಯ. ಒಂದು ವಿಷಯದಲ್ಲಿ ಮಾತ್ರ ಎರಡೂ ಒಂದೇ. ಗೆದ್ದವನು ತನ್ನ ಪರಿಶ್ರಮದಿಂದ ಗೆದ್ದ, ಸೋತವನು ತನ್ನ ತಪ್ಪಿನಿಂದ ಸೋತ ಎಂಬ ಪಾಠ ಎರಡೂ ಕಡೆ ನಡೆಯುತ್ತಿದೆ. ಫಲಿತಾಂಶ ಬಂದ ಮರುದಿನ ರಸ್ತೆ ಬದಿಯ ಫ್ಲೆಕ್ಸ್‌ಗಳಲ್ಲಿ ರ್‍ಯಾಂಕ್ ಪಡೆದವರ ನಗುಮುಖಗಳಿರುತ್ತವೆ. ಅದೇ ಶುಲ್ಕ ತೆತ್ತು, ಅದೇ ಹಾಸ್ಟೆಲಿನಲ್ಲಿ ಎರಡು ವರ್ಷ ಕಳೆದು ಆ ಫ್ಲೆಕ್ಸಿನಲ್ಲಿ ಜಾಗ ಸಿಗದ ನೂರಾರು ಮಕ್ಕಳು ಆ ರಸ್ತೆಯಲ್ಲೇ ಬಸ್ಸಿಗೆ ಕಾಯುತ್ತಾರೆ. ಅವರಿಗೆ ಆ ಎರಡು ವರ್ಷ ಏನನ್ನು ಕಲಿಸಿತು?

ಖಾನ್ ತನ್ನನ್ನು ಬೆಳೆಸಿದ ಶಾಲೆಗೆ ಮರಳಿ ಹೋಗಿ, ಅದರ ಋಣವನ್ನು ನಿರಾಕರಿಸದೆ, ಅದರ ಬಗ್ಗೆ ಸತ್ಯ ಹೇಳಿದರು. ನಮ್ಮ ವಸತಿ ಕಾಲೇಜುಗಳಲ್ಲಿ ಓದಿ ಹೊರಬಂದ ಯಾರಾದರೂ ಹೀಗೆ ಒಂದು ವರ್ಷ ಮರಳಿ ಹೋಗಿ, ತರಗತಿಯಲ್ಲೂ ಊಟದ ಸಾಲಿನಲ್ಲೂ ನಿಂತು ನೋಡಿ, ಕನ್ನಡದಲ್ಲಿ ಒಂದು ಪುಸ್ತಕ ಬರೆಯುವಂತಾಗಬೇಕು. ಆಗ ನಮ್ಮ ಹೆತ್ತವರು ಶಾಲೆಯ ಕಚೇರಿಯಲ್ಲಿ ಫಲಿತಾಂಶದ ಶೇಕಡಾವಾರು ಕೇಳುವುದರ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಲು ಕಲಿತಾರು.